ನೀರಿಗೆ ಹೆಪ್ಪು

ನಸುಕಿನಲ್ಲಿ ಕೊಟ್ಟಿಗೆಯ ಬಾಗಿಲು ತೆಗೆದಾಗ ಬರುತ್ತಿದ್ದ ಗಂಜಲದ ವಾಸನೆ ನನಗೆ ಮೂಗಿಗಿಂತ ಹೆಚ್ಚಾಗಿ ಕಣ್ಣಿನಲ್ಲಿ ನೆನಪಿದೆ. ಕಂಪಲಾಪುರದ ಹತ್ತಿರ ನಮ್ಮ ಹಳ್ಳಿ. ಎರಡು ಎತ್ತು, ಒಂದು ಹಸು, ರಾತ್ರಿಯೆಲ್ಲ ಮುಚ್ಚಿಟ್ಟ ಸಣ್ಣ ಕೊಟ್ಟಿಗೆ. ಬಾಗಿಲು ತೆಗೆದವರ ಕಣ್ಣಿಗೆ ಮೊದಲು ಖಾರ ಹತ್ತುತ್ತಿತ್ತು, ವಾಸನೆ ತಿಳಿಯುತ್ತಿದ್ದುದು ಆಮೇಲೆ. ಅವ್ವ ಒಂದು ಮಂಕರಿ ಒಣಮಣ್ಣನ್ನೂ ತರಗನ್ನೂ ತಂದು ನೆಲದ ಮೇಲೆ ಸುರಿಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ಖಾರ ಇಳಿಯುತ್ತಿತ್ತು. ಮುಂದೆ ಮೈಸೂರಿನಲ್ಲಿ ಬಿ.ಎಸ್ಸಿ. ಓದುವಾಗ, ಪ್ರಯೋಗಶಾಲೆಯಲ್ಲಿ ಯಾರೋ ಅಮೋನಿಯಾ ಬಾಟಲಿಯ ಬಿರಡೆ ತೆಗೆದರು. ಸುತ್ತ ಇದ್ದ ಹುಡುಗಿಯರೆಲ್ಲ ಕೆಮ್ಮುತ್ತಾ ಹೊರಗೆ ಓಡಿದರು. ನಾನೊಬ್ಬಳು ಊರನ್ನು ನೆನೆಸಿಕೊಂಡು ಅಲ್ಲೇ ನಿಂತಿದ್ದೆ.

ಅದೇ ವಿಷ ಕಳೆದ ಆಷಾಢದಲ್ಲಿ ಹುಣಸೂರಿನ ನಮ್ಮ ಮನೆಯ ನಡುಮನೆಗೆ ಬಂತು. ಬಂದದ್ದು ವಾಸನೆಯಿಲ್ಲದೆ. ಆದ್ದರಿಂದ ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟ ನನಗೆ ಅದು ತಿಳಿಯಲಿಲ್ಲ.

ಆಗ ನನ್ನ ಸೊಸೆ ನಂದಿತಾಗೆ ನಾಲ್ಕು ತಿಂಗಳು. ಅದಕ್ಕೆ ಮೊದಲು ಎರಡು ಸಲ, ಎರಡು ಸಲವೂ ಐದನೇ ತಿಂಗಳಲ್ಲಿ, ಮಗು ನಿಲ್ಲದೆ ಹೋಗಿತ್ತು. ಈ ಸಲ ಮೈಸೂರಿನ ಡಾಕ್ಟರಮ್ಮ ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿ, ಏಳು ತುಂಬುವವರೆಗೆ ಮಲಗಿಯೇ ಇರಬೇಕು, ಬಚ್ಚಲಿಗೆ ಬಿಟ್ಟು ಬೇರೆಲ್ಲಿಗೂ ಏಳಕೂಡದು ಎಂದು ಕಳಿಸಿದ್ದರು. ನಡುಮನೆಯ ಕಿಟಕಿಯ ಪಕ್ಕ ಅವಳ ಮಂಚ ಹಾಕಿಸಿದೆವು. ಪಂಚಾಯ್ತಿ ಆಫೀಸಿನಲ್ಲಿ ದಿನವಿಡೀ ಕಂಪ್ಯೂಟರಿನ ಮುಂದೆ ಕೂತು ಊರಿನವರ ಜೊತೆ ನಗುತ್ತಾ ಜಗಳವಾಡುತ್ತಾ ಇದ್ದ ಹುಡುಗಿ, ಮಲಗಿದ ಮೂರು ವಾರಕ್ಕೆ ಮಾತು ಕಡಿಮೆ ಮಾಡಿದಳು. ಎದುರಿಗಿನ ಗೋಡೆಯನ್ನೇ ನೋಡುತ್ತಿದ್ದಳು. ನಾನು ಏನಾದರೂ ಕೇಳಿದರೆ ದೂರದಿಂದ ನಡೆದು ಬಂದವಳ ಹಾಗೆ ಒಂದು ಕ್ಷಣ ತಡೆದು ಉತ್ತರ ಹೇಳುತ್ತಿದ್ದಳು.

ನನ್ನ ಮಗ ಚೇತನ್‌ಕುಮಾರ್ ಲೈನ್‌ಮ್ಯಾನ್. ಕಂಬ ಹತ್ತಿ ಇಳಿಯುವುದು ಅವನಿಗೆ ಗೊತ್ತು, ಹೆಂಡತಿಯ ಮೌನಕ್ಕೆ ಏನು ಮಾಡಬೇಕು ಎಂಬುದು ಗೊತ್ತಿಲ್ಲ. ಒಂದು ಭಾನುವಾರ ಮೈಸೂರಿಗೆ ಹೋದವನು, ಒಂದು ಗಾಜಿನ ತೊಟ್ಟಿಯನ್ನು ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದ. ಕೈಯಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಚೀಲ, ಅದರೊಳಗೆ ಐದು ಗೋಲ್ಡ್‌ಫಿಶ್.

"ಏನೋ ಇದು?" ಎಂದೆ.

"ಅಕ್ವೇರಿಯಂ ಕಣವ್ವ. ಇವ್ಳು ನೋಡಿ ನೋಡಿ ಗೋಡೆನೇ ಸವ್ದೋಯ್ತಾ ಅದೆ."

"ಗೋಡೆಗೂ ನನ್ ಮುಖ ನೋಡಿ ಬೇಜಾರಾಗಿರ್ತದೆ ಬುಡಿ," ಎಂದಳು ನಂದಿತಾ. ಆ ತಿಂಗಳಲ್ಲಿ ಅವಳು ಆಡಿದ ಮೊದಲ ತಮಾಷೆ ಅದು. ಚೇತನ್ ಮುಖ ತಿರುಗಿಸಿಕೊಂಡು ಪ್ಲಗ್ ಹುಡುಕುವವನ ಹಾಗೆ ನಿಂತ.

ಅವತ್ತೇ ಸಂಜೆ ನಲ್ಲಿಯ ನೀರು ತುಂಬಿ, ಮೀನು ಬಿಟ್ಟು, ದೀಪ ಹಾಕಿದೆವು. ನಂದಿತಾ ಬಹಳ ಹೊತ್ತು ನೋಡಿ, ತನಗೆ ತಾನೇ ಅಂದುಕೊಂಡ ಹಾಗೆ, "ಇವು ಬದುಕ್ಕೊಂಡ್ರೆ ಸಾಕು ಅತ್ತೆ," ಎಂದಳು.

ಅವಳ ಕೈ ಹೊಟ್ಟೆಯ ಮೇಲಿತ್ತು. ಆ ಮಾತು ನನ್ನೊಳಗೆ ಇಳಿದು ಕೂತುಬಿಟ್ಟಿತು. ನಂಬಿಕೆ, ಶಕುನ ಇವನ್ನೆಲ್ಲ ತರಗತಿಯಲ್ಲಿ ಗೇಲಿ ಮಾಡಿದವಳು ನಾನು. ಆದರೂ ಆ ರಾತ್ರಿಯಿಂದ ಆ ಐದು ಮೀನು ಸಾಯಕೂಡದು, ಅವಳ ಕಣ್ಣೆದುರಿಗಂತೂ ಸಾಯಲೇಕೂಡದು ಎಂಬುದು ನನ್ನ ವ್ರತವಾಯಿತು.

ಮೊದಲ ವಾರ ಮನೆಯೇ ನೀರಿನೊಳಗೆ ಇಳಿದಂತಿತ್ತು. ಹೊರಗೆ ಜಿಟಿಜಿಟಿ ಮಳೆ. ಮಧ್ಯಾಹ್ನ ಕಿಟಕಿಯ ಬೆಳಕು ತೊಟ್ಟಿಯನ್ನು ಹಾದು ಗೋಡೆಯ ಮೇಲೆ ಬಿದ್ದು ಅಲುಗಾಡುತ್ತಿತ್ತು. ಚೇತನ್ ಸವೆದಿದೆ ಎಂದಿದ್ದ ಗೋಡೆ ಈಗ ಉಸಿರಾಡುವಂತೆ ಕಾಣುತ್ತಿತ್ತು. ಗಾಳಿ ಪಂಪಿನ ಗುನುಗು, ಪಕ್ಕದ ಕೋಣೆಯಲ್ಲಿ ಯಾರೋ ಮಗುವಿಗೆ ಏನೋ ಹೇಳುತ್ತಿರುವಂತೆ, ಪದ ತಿಳಿಯದೆ ದನಿ ಮಾತ್ರ ಕೇಳುವಂತೆ ಇರುತ್ತಿತ್ತು. ನಾನು ನೆಲದ ಮೇಲೆ ಚಾಪೆ ಹಾಕಿಕೊಂಡು ಮಲಗುತ್ತಿದ್ದೆ. ನಿದ್ದೆಯೋ ಎಚ್ಚರವೋ ಗೊತ್ತಾಗದ ಹೊತ್ತಿನಲ್ಲಿ ನಂದಿತಾ ಮೇಲಿನಿಂದ ಹೇಳುತ್ತಿದ್ದಳು:

"ಅತ್ತೆ, ಕನಸು ಬಿತ್ತು. ಮಂಚ ತೊಟ್ಟಿ ತಳದಲ್ಲಿ ಇತ್ತು. ನೀವು ಮೇಲೆ ತೇಲ್ತಾ ಇದ್ರಿ."

"ನನ್ನ ಸೀರೆ ನೆನೆದಿತ್ತಾ?"

"ಇಲ್ಲ. ನೀವು ಕನ್ನಡಕ ಹಾಕ್ಕೊಂಡಿದ್ರಿ."

ಅವಳು ಮೀನುಗಳಿಗೆ ಹೆಸರಿಡಲಿಲ್ಲ. ಹೆಸರಿಡುವುದಕ್ಕೆ ಹೆದರಿದಳು ಎಂದು ನನಗೆ ಅನ್ನಿಸಿತು. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಎಣಿಸಿ, "ಐದೂ ಅವೆ," ಎಂದು ಮಾತ್ರ ಹೇಳುತ್ತಿದ್ದಳು. ನಾನು ಅಡುಗೆಮನೆಯಿಂದ "ಹೂಂ ಕಣವ್ವ," ಎನ್ನುತ್ತಿದ್ದೆ. ದಿನ ಶುರುವಾಗುತ್ತಿದ್ದುದು ಹಾಗೆ.

ಮಲಗಿದವಳನ್ನು ನೋಡಲು ಜನ ಬರುತ್ತಿದ್ದರು. ನಮ್ಮ ಕಡೆ ಮೀನು ಕಂಡರೆ ಕೈ ಸುಮ್ಮನಿರುವುದಿಲ್ಲ. ಹೊಳೆಗೆ ಹೋದರೆ ಸೋಪಾನದ ಮೇಲೆ ಕೂತು ಒಂದು ಹಿಡಿ ಪುರಿ ಎರಚದೆ ಯಾರೂ ಏಳುವುದಿಲ್ಲ. ಹಾಗೇ ಬಂದವರೆಲ್ಲ ಒಂದು ಚಿಟಿಕೆ ಮೀನಿನ ಕಾಳು ಹಾಕುತ್ತಿದ್ದರು. ಒಬ್ಬರು ಬಿಸ್ಕತ್ತು ಪುಡಿ ಮಾಡಿ ಹಾಕಿದರು. ಪಿರಿಯಾಪಟ್ಟಣದಿಂದ ಬಂದ ನನ್ನ ತಮ್ಮನ ಹೆಂಡತಿ, ಬಸುರಿ ಮನೆಯ ಮೀನು ಉಪವಾಸ ಇರಬಾರದು ಎಂದು ಚೀಲದಿಂದ ಪುರಿಯನ್ನೇ ತೆಗೆದಳು. ಯಾರನ್ನೂ ತಡೆಯಲು ನನಗೆ ಮನಸ್ಸು ಬರಲಿಲ್ಲ. ಮಲಗಿದವಳಿಗೆ ಏನು ಹೇಳಬೇಕೆಂದು ತೋಚದವರು, ಹೇಳಬೇಕಾದ್ದನ್ನು ಮೀನಿಗೆ ಹಾಕುತ್ತಿದ್ದರು. ಅದು ನನಗೆ ಕಾಣುತ್ತಿತ್ತು.

ನೀರು ಕದಡಿದರೆ ತೊಳೆಯುವುದು ನನ್ನ ಕೆಲಸ. ಮಂಗಳವಾರ, ಶುಕ್ರವಾರ ನಮ್ಮಲ್ಲಿ ಮನೆ ತೊಳೆದು ಹೊಸಿಲಿಗೆ ಅರಿಶಿನ ಹಚ್ಚುವ ದಿನ. ಅದೇ ಕೈಯಲ್ಲಿ ತೊಟ್ಟಿಯನ್ನೂ ತೊಳೆಯುತ್ತಿದ್ದೆ. ಮೀನುಗಳನ್ನು ಬಕೆಟ್ಟಿಗೆ ಬಿಟ್ಟು, ನೀರೆಲ್ಲ ಚೆಲ್ಲಿ, ಕಲ್ಲುಗಳನ್ನು ಉಪ್ಪು ಹಾಕಿ ಉಜ್ಜಿ, ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ಹಿಂಡಿ ಅರಳೆಯ ಹಾಗೆ ಬೆಳ್ಳಗೆ ಮಾಡುತ್ತಿದ್ದೆ. ಹೊಸ ನೀರು ತುಂಬಿದಾಗ ತೊಟ್ಟಿ ಗಾಳಿಯ ಹಾಗೆ ತಿಳಿಯಾಗಿರುತ್ತಿತ್ತು. ನೋಡಿದವರೆಲ್ಲ "ಟೀಚರ್ ಮನೆ ತೊಟ್ಟಿ ಅಂದ್ರೆ ತೊಟ್ಟಿ" ಎನ್ನುತ್ತಿದ್ದರು. ನನಗೂ ಒಳಗೊಳಗೇ ಜಂಬ.

ಎರಡನೇ ವಾರದ ಕೊನೆಗೆ ಮೀನುಗಳು ಮೇಲೆ ಬಂದು, ನೀರಿನ ಅಂಚಿಗೆ ಬಾಯಿ ತಾಗಿಸಿ, ಪಚ್ ಪಚ್ ಎಂದು ಬಾಯಿ ಬಿಡತೊಡಗಿದವು.

"ಅಯ್ಯೋ ಪಾಪ, ಹಸಿದವೆ," ಎಂದರು ಬಂದವರು. ಇನ್ನೊಂದು ಚಿಟಿಕೆ ಹಾಕಿದರು.

ಮೂರನೇ ವಾರ, ಒಂದು ಬುಧವಾರ, ನಾನು ಎಂದಿನಂತೆ ಬೆಳಗಿನ ಜಾವ ಎದ್ದು ಹಾಲಿನ ಪಾತ್ರೆ ತೆಗೆದುಕೊಳ್ಳಲು ನಡುಮನೆ ದಾಟುವಾಗ, ಕಪ್ಪು ಬಾಲದ ಸಣ್ಣ ಮೀನು ಪಕ್ಕಕ್ಕೆ ವಾಲಿ ತೇಲುತ್ತಿತ್ತು. ನಂದಿತಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಾನು ಕೈ ಹಾಕಿ ಅದನ್ನು ತೆಗೆದು, ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಿಲಿಗೆ ಹೋಗಿ ದಾಸವಾಳದ ಬುಡದಲ್ಲಿ ಮಣ್ಣು ಮಾಡಿದೆ. ಒಂದು ಮೀನು ಎಷ್ಟು ಹಗುರ ಇರುತ್ತದೆ ಎಂದರೆ, ಕೈ ತೊಳೆದ ಮೇಲೂ ಅದು ಅಲ್ಲೇ ಇದೆಯೇನೋ ಅನ್ನಿಸುತ್ತಿತ್ತು.

ಒಳಗೆ ಬಂದು ಒಲೆ ಹಚ್ಚಿ, ಕಿವಿಯನ್ನು ನಡುಮನೆಯಲ್ಲಿ ಇಟ್ಟು ನಿಂತೆ. ಸ್ವಲ್ಪ ಹೊತ್ತಿಗೆ ಅವಳ ದನಿ ಬಂತು.

"ಐದೂ ಅವೆ ಅತ್ತೆ."

ನಾನು ಬಾಗಿಲಿಗೆ ಬಂದು ನೋಡಿದೆ. ಅವಳು ತೊಟ್ಟಿಯನ್ನೇ ನೋಡುತ್ತಿದ್ದಳು. "ಒಂದು ಕಲ್ಲಿನಿಂದೆ ಸೇರ್ಕೊಂಡದೆ," ಎಂದಳು.

"ಹೂಂ ಕಣವ್ವ. ಅದುಕ್ಕೆ ನಾಚಿಕೆ ಜಾಸ್ತಿ," ಎಂದೆ. ಕಲ್ಲಿನ ಹಿಂದೆ ಮೀನೇನಾದರೂ ಇದೆಯೇ ಎಂದು ನಾನೇ ಒಂದು ಸಲ ಇಣುಕಿದೆ. ಅವಳಿಗೆ ತಿಳಿಯಲಿಲ್ಲವಲ್ಲ ಎಂದು ಸಮಾಧಾನವಾಯಿತು.

ಅವತ್ತೇ ಹತ್ತು ಗಂಟೆಗೆ ಬಸ್‌ಸ್ಟ್ಯಾಂಡಿನ ಹಿಂದಿನ ಮೀನಿನ ಅಂಗಡಿಗೆ ಹೋದೆ. ಅಕ್ವೇರಿಯಂ, ಪಂಜರ, ನಾಯಿ ಬೆಲ್ಟು ಎಲ್ಲ ಮಾರುವ ಚಿಕ್ಕ ಅಂಗಡಿ. ಅಂಗಡಿಯ ಗೌರೀಶ್ ನನ್ನನ್ನು ನೋಡಿ ಸ್ಟೂಲ್ ಒರೆಸಿ ಹಾಕಿದ. ನನ್ನ ಹತ್ತಿರ ಓದಿದವನು. ಈಗ ಅವನಿಗೇ ತಲೆ ನರೆತಿದೆ.

"ಮಿಸ್, ನೀರು ಎಷ್ಟ್ ದಿನಕ್ಕೊಂದ್ಸಲ ಬದಲಾಯಿಸ್ತೀರಾ?"

"ಮಂಗಳವಾರ, ಶುಕ್ರವಾರ. ಪೂರ್ತಿ."

"ನಲ್ಲಿ ನೀರು? ಬ್ಲೀಚಿಂಗ್ ವಾಸ್ನೆ ಬರೋದು?"

"ಹೂಂ."

"ಸ್ಪಂಜು?"

"ಬೆಳ್ಳಗಾಗೋ ತನಕ ತೊಳೀತೀನಿ."

ಅವನು ಎರಡು ಕೈಯಲ್ಲೂ ತಲೆ ಹಿಡಿದುಕೊಂಡ. "ನೀವು ಮೀನು ಸಾಕ್ತಾ ಇಲ್ಲ ಮಿಸ್. ಪಾತ್ರೆ ತೊಳೀತಾ ಇದೀರಿ."

ಆಮೇಲೆ ನಿಧಾನವಾಗಿ ಹೇಳಿದ. ಮೀನಿನ ಹೊಲಸಿನಿಂದ, ತಿನ್ನದೆ ಉಳಿದ ಕಾಳಿನಿಂದ ನೀರಿನಲ್ಲಿ ಅಮೋನಿಯಾ ಆಗುತ್ತದೆ. ಅದು ಮೀನಿನ ಕಿವಿರನ್ನು ಸುಡುತ್ತದೆ, ಅದಕ್ಕೇ ಅವು ಮೇಲೆ ಬಂದು ಬಾಯಿ ಬಿಡುವುದು, ಹಸಿವಿಗಲ್ಲ. ಕಣ್ಣಿಗೆ ಕಾಣದ ಒಂದು ಜೀವ ಬಂದು ಆ ವಿಷವನ್ನು ತಿನ್ನುತ್ತದೆ. ಅದು ಬಿಟ್ಟದ್ದೂ ವಿಷವೇ, ಅದನ್ನು ತಿನ್ನಲು ಇನ್ನೊಂದು ಜೀವ ಬರುತ್ತದೆ. ಎರಡೂ ಬಂದು ನೆಲೆಸಿದ ಮೇಲೆ ನೀರು ಹದಕ್ಕೆ ಬಂತು ಎಂದು ಅರ್ಥ. ಅವು ಮನೆ ಮಾಡುವುದೇ ಆ ಸ್ಪಂಜಿನಲ್ಲಿ, ಆ ಕಲ್ಲುಗಳ ಮೇಲೆ.

"ಮಂಗಳವಾರ ಬಂದಿದ್ನ ಶುಕ್ರವಾರ ತೊಳ್ದು ಕಳಿಸ್ತಾ ಇದೀರಿ ಮಿಸ್. ಖಾಲಿ ತೊಟ್ಟಿಗೆ ಒಂದ್ ತಿಂಗಳು ಕಾದು ಮೀನು ಬಿಡ್ಬೇಕು. ಬಿಟ್ಟಾಯ್ತಲ್ಲ, ಈಗ ಮೀನು ಇಟ್ಕಂಡೇ ನೀರ್ ಮಾಡ್ಕೊಬೇಕು."

ಗೌರೀಶ್ ಮೆಲ್ಲಗೆ ನಕ್ಕ. "ನೀವೇ ಅಲ್ವಾ, ಒಂಬತ್ತನೇ ಕ್ಲಾಸಲ್ಲಿ ಬೋರ್ಡ್ ತುಂಬಾ ಬಾಣ ಬರ್ಸಿದ್ದು? ಸಾರಜನಕದ ಚಕ್ರ. ಆ ಚಿತ್ರಕ್ಕೆ ನಂಗೆ ಹತ್ತಕ್ಕೆ ಮೂರು ಕೊಟ್ಟಿದ್ರಿ."

"ಇವತ್ತು ಹತ್ತಕ್ಕೆ ಹತ್ತು ಕಣಪ್ಪ," ಎಂದೆ.

ವರ್ಷ ವರ್ಷವೂ ಬಣ್ಣದ ಸೀಮೆಸುಣ್ಣದಲ್ಲಿ ನಾನೇ ಬರೆಯುತ್ತಿದ್ದ ಚಕ್ರ ಅದು. ನಡುಮನೆಯಲ್ಲಿ ತಿರುಗುವಾಗ ಗುರುತು ಹತ್ತಲಿಲ್ಲ.

ಗೌರೀಶ್ ಒಂದು ಸಣ್ಣ ಬಾಟಲಿ ಔಷಧಿಯನ್ನೂ ಒಂದು ಗಾಜಿನ ಕೊಳವೆಯನ್ನೂ ಕೊಟ್ಟ. ಕೊಳವೆಗೆ ತೊಟ್ಟಿಯ ನೀರು ತುಂಬಿ ಹನಿ ಹಾಕಿದಾಗ ಹಳದಿ ಬಂದರೆ ಒಳ್ಳೆಯದು, ಹಸಿರು ಬಂದರೆ ವಿಷ. ದಿನಕ್ಕೆ ಕಾಲು ಭಾಗ ನೀರು ಮಾತ್ರ ತೆಗೆಯಿರಿ, ಹಿಂದಿನ ದಿನವೇ ಬಕೆಟ್ಟಿನಲ್ಲಿ ಬಾಯಿ ತೆರೆದಿಟ್ಟ ನೀರನ್ನೇ ಹಾಕಿ, ಕಾಳು ಎರಡು ದಿನಕ್ಕೆ ಒಂದು ಚಿಟಿಕೆ, ಸ್ಪಂಜು ಮುಟ್ಟಬೇಡಿ ಎಂದ. ಇನ್ನೊಂದು ದಾರಿಯನ್ನೂ ಹೇಳಿದ.

"ಹಳೇ ತೊಟ್ಟಿ ಸ್ಪಂಜು ಒಂದ್ ತುಂಡು ತಂದು ಇದ್ರಲ್ಲಿ ಇಟ್ರೆ ಬೇಗ ಹತ್ಕೊತದೆ. ನಂದು ಕೊಡನಾ ಅಂದ್ರೆ ನನ್ ಮೀನಿಗೆ ಬಿಳಿ ಚುಕ್ಕಿ ರೋಗ ಬಂದದೆ ಮಿಸ್, ಅದೂ ಜೊತೆಗೆ ಬಂದ್ಬುಡ್ತದೆ. ಯಾರ ಮನೇಲಾದ್ರೂ ಪಾಚಿ ಕಟ್ಟಿ ಗಬ್ಬೆದ್ದಿರೋ ತೊಟ್ಟಿ ಅದಾ ನೋಡಿ."

ತನ್ನ ಅಂಗಡಿಯ ಮೀನಿಗೆ ರೋಗ ಇದೆ ಎಂದು ಬಾಯಿ ಬಿಟ್ಟು ಹೇಳುವ ಅಂಗಡಿಯವನು ಎಲ್ಲಿ ಸಿಗುತ್ತಾನೆ?

ಅಂಥ ತೊಟ್ಟಿ ನಮ್ಮ ಎದುರು ಸಾಲಿನಲ್ಲೇ ಇತ್ತು, ಜಯಲಕ್ಷ್ಮಮ್ಮನವರ ಮನೆಯಲ್ಲಿ. ಕೆ.ಆರ್. ನಗರದ ಕಡೆ ಗದ್ದೆ ಇರುವ ದೊಡ್ಡ ಮನೆತನ. ಆರು ವರ್ಷದ ಹಿಂದೆ ಅವರ ಅಳಿಯ ತಂದಿಟ್ಟ ತೊಟ್ಟಿ. ಗಾಜು ಹಸಿರಾಗಿ, ಒಳಗೆ ಒಂದೇ ಒಂದು ಮುದಿ ಮೀನು ಮಂಜಿನಲ್ಲಿ ನಡೆಯುವ ಯಜಮಾನನಂತೆ ಓಡಾಡುತ್ತಿರುತ್ತದೆ. ಕಳೆದ ಸಂಕ್ರಾಂತಿಗೆ ಎಳ್ಳು ಬೀರಲು ಹೋದಾಗ ನಾನೇ, "ಜಯಲಕ್ಷ್ಮಮ್ಮ, ಇದನ್ನ ಒಂದ್ಸಲ ತೊಳೀಬಾರದೇನ್ರೀ?" ಎಂದು ಹೇಳಿ ಬಂದಿದ್ದೆ. ಹಾಗೆ ಹೇಳಿದ ಬಾಯಲ್ಲಿ ಈಗ ಹೇಗೆ ಕೇಳುವುದು? ಹನಿ ಹಾಕಿ ನೋಡಿದರೆ ಕೊಳವೆಯಲ್ಲಿ ಕಡು ಹಸಿರು. ಆದರೂ ನಾಚಿಕೆಯಲ್ಲಿ ಎರಡು ದಿನ ಕಳೆದೆ. ನೀರು ತೆಗೆದೆ, ಹಾಕಿದೆ, ಬಂದವರ ಕೈಗೆ ಕಾಳಿನ ಡಬ್ಬಿ ಸಿಗದಂತೆ ಬಚ್ಚಿಟ್ಟೆ. ಬೆಳಿಗ್ಗೆ ನಂದಿತಾ "ಐದೂ ಅವೆ" ಎನ್ನುತ್ತಲೇ ಇದ್ದಳು.

ಶುಕ್ರವಾರ ಸಂಜೆ ಇನ್ನೊಂದು ಮೀನು ವಾಲತೊಡಗಿತು. ಈಜಲು ಹೋಗಿ, ಮರೆತವರ ಹಾಗೆ ಅರ್ಧಕ್ಕೇ ನಿಂತು, ಪಕ್ಕಕ್ಕೆ ಒರಗುತ್ತಿತ್ತು. ನಾನು ಅವಳಿಗೆ ಕಾಣದಂತೆ ತೊಟ್ಟಿಗೆ ಅಡ್ಡ ನಿಂತು ದೀಪದ ಬತ್ತಿ ಹೊಸೆಯುವ ನೆಪ ಮಾಡಿದೆ.

"ಅತ್ತೆ," ಎಂದಳು ನಂದಿತಾ. ದನಿ ಬಹಳ ಮೆತ್ತಗಿತ್ತು. "ನಾಲ್ಕಾದ್ರೂ ಉಳ್ಸಿ."

ನನ್ನ ಕೈಯಲ್ಲಿ ಬತ್ತಿ ಹಾಗೇ ಉಳಿಯಿತು.

"ಅವತ್ತು ಬೆಳಿಗ್ಗೆ ನಾನು ಎದ್ದಿದ್ದೆ. ತಿರುಗಿ ನೋಡ್ದಾಗ ನೀವು ಸೆರಗಲ್ಲಿ ಮುಚ್ಕೊಂಡೋಗ್ತಿದ್ರಿ."

"ಮತ್ತೆ ದಿನಾ ಐದು ಅಂತಿದ್ದೆ?"

"ನೀವು ಅಡಿಗೆಮನೇಲಿ ಉಸ್ರು ಕಟ್ಕೊಂಡು ನಿಂತಿರ್ತೀರಿ ಅಂತ ಗೊತ್ತಾಗ್ತಿತ್ತು. ಅದುಕ್ಕೆ."

ನನ್ನ ವಯಸ್ಸಿನಲ್ಲಿ ಅಳು ಸುಲಭವಾಗಿ ಬರುತ್ತದೆ. ಆದರೆ ಅವತ್ತು ಅದಕ್ಕೆ ಹೊತ್ತಿರಲಿಲ್ಲ. ದೀಪ ಹಚ್ಚಿ, ಸ್ಟೀಲಿನ ಟಿಫನ್ ಕ್ಯಾರಿಯರಿನ ಒಂದು ಡಬ್ಬಿ ಹಿಡಿದು ಎದುರು ಮನೆಗೆ ನಡೆದೆ.

ಅಲ್ಲಿಯೂ ದೇವರ ಮನೆಯಲ್ಲಿ ದೀಪ ಉರಿಯುತ್ತಿತ್ತು. ಜಯಲಕ್ಷ್ಮಮ್ಮನವರ ಅತ್ತೆ ಮರಮ್ಮ, ತೊಂಬತ್ತು ದಾಟಿದವರು, ಹಜಾರದ ಮಂಚದ ಮೇಲೆ ಕಾಲು ನೀಡಿ ಕೂತಿದ್ದರು.

"ಬನ್ನಿ ಟೀಚ್ರೇ, ಕಾಫಿ ಇಡ್ತೀನಿ," ಎಂದರು ಜಯಲಕ್ಷ್ಮಮ್ಮ.

"ಕಾಫಿ ಬ್ಯಾಡಿ. ನಿಮ್ಮ ತೊಟ್ಟಿ ಸ್ಪಂಜು ಒಂದು ತುಂಡು ಬೇಕಿತ್ತು."

"ಯಾವ್ದು? ಆ ಗಲೀಜಾ? ತೊಳೀರಿ ಅಂದೋರು ನೀವೇಯ."

"ತಪ್ಪಾಯ್ತು ಕಣ್ರೀ. ಅದು ಗಲೀಜಲ್ಲ. ಹಾಲಿಗೆ ಹೆಪ್ಪು ಹಾಕಲ್ವಾ, ಹಂಗೆ ಅದು ನೀರಿಗೆ ಹೆಪ್ಪು. ಹೊಸ ತೊಟ್ಟೀಲಿ ಇಟ್ರೆ ನೀರು ಹದಕ್ಕೆ ಬತ್ತದೆ."

ಅವರಿಗೆ ತಟ್ಟನೆ ಅರ್ಥವಾಯಿತು. ನನ್ನ ಉಪಮೆಯ ಬಗ್ಗೆ ನನಗೇ ಮೆಚ್ಚುಗೆಯಾಯಿತು. ಆದರೆ ಮಂಚದ ಮೇಲಿನವರಿಗೂ ಅರ್ಥವಾಗಿಬಿಟ್ಟಿತ್ತು.

"ಏನವ್ವ ಕೇಳ್ತಿರದು?"

"ಹೆಪ್ಪಂತೆ ಕಣತ್ತೆ. ಮೀನಿನ ತೊಟ್ಟಿ ಹೆಪ್ಪು."

"ದೀಪ ಅಚ್ಚಾಯ್ತಲ್ಲ," ಎಂದರು ಮರಮ್ಮ. "ದೀಪ ಅಚ್ಚಿದ ಮ್ಯಾಕೆ ಹೆಪ್ಪು ಕೊಟ್ಟಾರಾ ಯಾರಾರ? ಅದೂ ಸುಕ್ರಾರ. ಮನೆ ಲಕ್ಸ್ಮಿ ಒಂಟೋಯ್ತಾಳೆ."

ಸಂಜೆ ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಹೆಪ್ಪು ಹೊಸಿಲು ದಾಟಕೂಡದು. ನಮ್ಮ ಮನೆಯಲ್ಲೂ ಇದ್ದ ರೂಢಿಯೇ. ಬರೀ ಸ್ಪಂಜು ಎಂದಿದ್ದರೆ ಐದು ನಿಮಿಷದಲ್ಲಿ ಕೊಟ್ಟು ಕಳಿಸುತ್ತಿದ್ದರು. ಪಾಠ ಹೇಳುವ ಚಟ ನನ್ನ ಕಾಲಿಗೇ ತೊಡರಿತು.

"ಹೆಪ್ಪಲ್ಲ ಕಣವ್ವ, ಬರೀ ಸ್ಪಂಜು. ಬಾಯಿತಪ್ಪಿ ಹಂಗಂದೆ."

"ಬಾಯಲ್ಲಿ ಬಂದ ಮ್ಯಾಕೆ ಬಂತು. ಈಗ ಅದು ಹೆಪ್ಪೇಯ," ಎಂದರು ಮರಮ್ಮ. "ಬೆಳಿಗ್ಗೆ ಬಂದು ಈಸ್ಕೊಂಡೋಗು."

ಜಯಲಕ್ಷ್ಮಮ್ಮ ನನ್ನ ಮುಖ ನೋಡಿದರು, ಅತ್ತೆಯ ಮುಖ ನೋಡಿದರು. ಅವರಿಗೂ ಅರವತ್ತೈದು. ಆದರೂ ಆ ಮನೆಯಲ್ಲಿ ಅವರು ಇನ್ನೂ ಸೊಸೆಯೇ. ನಾನು ಡಬ್ಬಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು, ಮರಮ್ಮನ ಮಂಚದ ಹತ್ತಿರ ಹೋಗಿ ನೆಲದ ಮೇಲೆ ಕೂತೆ.

"ಬೆಳಗಿನ ತನಕ ಮೀನು ಉಳಿಯಲ್ಲ ಕಣವ್ವ. ನಂದಿತಾ ನೋಡ್ತಾ ಮಲಗವ್ಳೆ. ಅವಳಿಗೀಗ ಐದನೇ ತಿಂಗಳು."

ಮರಮ್ಮನ ದವಡೆ ಸುಮ್ಮನೆ ಅಲುಗುತ್ತಿತ್ತು. ಹಸಿರು ತೊಟ್ಟಿಯಲ್ಲಿ ಮುದಿ ಮೀನು ಒಂದು ಸುತ್ತು ಬಂದು ನಮ್ಮ ಕಡೆ ತಿರುಗಿ ನಿಂತಿತು.

"ಸಿದ್ದಮ್ಮ," ಎಂದರು ಕೊನೆಗೆ. ಆ ಬೀದಿಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಅವರೊಬ್ಬರೇ. "ಆ ಮಗೀಗೆ ಅಂತ ಮೊದ್ಲೇ ಯೋಳಕಾಗ್ನಿಲ್ವಾ? ನಂಗೂ ಮೂರು ಓದವು. ನಾಕ್ನೇದು ಇವ್ಳ ಗಂಡ." ಆಮೇಲೆ ಸೊಸೆಯ ಕಡೆ ತಿರುಗಿದರು. "ಜಯಾ, ಒಂದು ಒಣಮೆಣ್ಸಿನಕಾಯಿ ತತ್ತಾ. ಮೆಣ್ಸಿನಕಾಯಿ ಆಕ್ಬುಟ್ಟು ಕೊಡು, ದೋಸ ಇಲ್ಲ."

"ಅತ್ತೆ! ಮೀನಿಗೆ ಖಾರ ಆಗಾಕಿಲ್ವಾ?"

"ಒಳಿಕ್ಕಾಕು ಅಂದ್ನಾ ನಾನು? ಡಬ್ಬಿ ಇಡೀಗೆ ಕಟ್ಟು. ಓದ್ದೋಳ ಪಕ್ದಲ್ಲಿದ್ದು ನಿಂಗೂ ಬುದ್ಧಿ ಓಯ್ತು."

ಜಯಲಕ್ಷ್ಮಮ್ಮ ಬಳೆಗಳನ್ನು ಮೇಲೆ ಸರಿಸಿ, ಮೊಣಕೈವರೆಗೂ ಆ ಹಸಿರು ನೀರಿಗೆ ಕೈ ಹಾಕಿದರು. ಮುದಿ ಮೀನು ಬಂದು ಅವರ ಬೆರಳನ್ನು ಮೂಸಿತು. ಕಂದು ಬಣ್ಣದ ಸ್ಪಂಜನ್ನು ಹಿಂಡದೆ, ಕತ್ತರಿಯಲ್ಲಿ ಎರಡು ಮಾಡಿ, ತೊಟ್ಟಿಯ ನೀರಿನ ಜೊತೆಗೇ ಅರ್ಧವನ್ನು ಡಬ್ಬಿಗೆ ಹಾಕಿದರು. ಹಿಡಿಗೆ ದಾರದಲ್ಲಿ ಮೆಣಸಿನಕಾಯಿ ಕಟ್ಟಿದರು. ನನ್ನ ಅವ್ವನ ಕಾಲದಲ್ಲಿ ನಮ್ಮ ಹಳ್ಳಿಯಲ್ಲಿ, ಇಂಥ ಮನೆಗಳಿಂದ ನಮ್ಮ ಕೇರಿಯವರಿಗೆ ಮಜ್ಜಿಗೆಯನ್ನು ಎತ್ತರದಿಂದ ಹುಯ್ಯುತ್ತಿದ್ದರು, ಹೆಪ್ಪಿನ ಬಟ್ಟಲು ಕೈಯಿಂದ ಕೈಗೆ ಬರುತ್ತಿರಲಿಲ್ಲ. ಜಯಲಕ್ಷ್ಮಮ್ಮ ಡಬ್ಬಿಯನ್ನು ನನ್ನ ಎರಡು ಅಂಗೈಯ ಮೇಲೆ ಇಟ್ಟು, ತುಳುಕದಿರಲಿ ಎಂದು ಬೀದಿ ದಾಟುವವರೆಗೂ ನನ್ನ ಮೊಣಕೈ ಹಿಡಿದುಕೊಂಡು ಬಂದರು.

ಫಿಲ್ಟರಿನ ಬಿಳಿ ಸ್ಪಂಜಿಗೆ ಆ ಕಂದು ತುಂಡನ್ನು ಒತ್ತರಿಸಿ ಕೂರಿಸಿದೆ. ತಿಳಿಯಾಗಿದ್ದ ನೀರು ಒಂದು ಗಳಿಗೆ ಕದಡಿತು. ನಂದಿತಾ ಬಾಯಿ ಮೇಲೆ ಕೈ ಇಟ್ಟುಕೊಂಡು ನೋಡುತ್ತಿದ್ದಳು. "ಮೆಣಸಿನಕಾಯಿ ಯಾಕತ್ತೆ?" ಎಂದಳು. ನಡೆದದ್ದನ್ನೆಲ್ಲ ಹೇಳಿದೆ. ಮರಮ್ಮನ ದನಿಯನ್ನು ಅಣಕಿಸಿಯೂ ತೋರಿಸಿದೆ. ಅವಳು ಹೊಟ್ಟೆ ಅಲುಗಬಾರದೆಂದು ಉಸಿರು ಬಿಗಿಹಿಡಿದು, ಕಣ್ಣಿನಲ್ಲೇ ನಕ್ಕಳು.

ಬೆಳಿಗ್ಗೆ ನಾಲ್ಕೂ ಇದ್ದವು. ವಾಲಿದ್ದ ಮೀನು ತಳದಲ್ಲಿ ಕಲ್ಲಿಗೆ ಒರಗಿತ್ತು. ಆದರೆ ಕಿವಿರು ಆಡುತ್ತಿತ್ತು.

ಆಮೇಲಿನ ದಿನಗಳು ಒಂದರೊಳಗೊಂದು ಕರಗಿ ಹೋದವು. ಶ್ರಾವಣ ಬಂತು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಗಳ ಬೆಚ್ಚನೆಯ ಕಂಪು ಹಳ್ಳಿಗಳ ಕಡೆಯಿಂದ ತೇಲಿ ಬಂದು ಮಳೆಯ ವಾಸನೆಯ ಜೊತೆ ಸೇರುತ್ತಿತ್ತು. ಬಕೆಟ್ಟಿನ ನೀರು ದಿನವಿಡೀ ಬಾಯಿ ತೆರೆದು ಆಕಾಶ ನೋಡುತ್ತಾ ಕೂತಿರುತ್ತಿತ್ತು. ಕಾಲು ಭಾಗ ತೆಗೆಯುವುದು, ಕಾಲು ಭಾಗ ಹಾಕುವುದು. ತೆಗೆದ ನೀರನ್ನು ಗಿಡಗಳಿಗೆ ಹಾಕುತ್ತಿದ್ದೆ. ಕನಕಾಂಬರ ಎಂದೂ ಬಿಡದಷ್ಟು ಬಿಟ್ಟಿತು.

ಹನಿ ಹಾಕಿದ ಕೊಳವೆಯನ್ನು ಕಿಟಕಿಗೆ ಹಿಡಿದು ನೋಡುವ ಕೆಲಸವನ್ನು ನಂದಿತಾ ತೆಗೆದುಕೊಂಡಳು. ಮೊದಲು ಬಾಳೆ ಎಲೆಯ ಹಸಿರು. ಒಂದು ವಾರಕ್ಕೆ ಗಿಣಿಯ ಹಸಿರು. ಮತ್ತೊಂದು ವಾರಕ್ಕೆ ಎಳೆ ಚಿಗುರು. ಅವಳು ಬೆಳಕಿಗೆ ಕೊಳವೆ ಹಿಡಿದಾಗ ಬಣ್ಣದ ಒಂದು ಎಳೆ ಅವಳ ಕೆನ್ನೆಯ ಮೇಲೆ ಬೀಳುತ್ತಿತ್ತು. ಗೌರೀಶ್ ಎರಡನೇ ವಿಷಕ್ಕೆ ಇನ್ನೊಂದು ಬಾಟಲಿ ಕೊಟ್ಟಿದ್ದ, ಅದರಲ್ಲಿ ನೇರಳೆ ಬಣ್ಣ ಬಂದರೆ ಕೆಟ್ಟದ್ದು, ತಿಳಿನೀಲಿ ಒಳ್ಳೆಯದು. ಹಸಿರು ಇಳಿಯುತ್ತಿದ್ದಂತೆ ನೇರಳೆ ಏರಿತು, ಆಮೇಲೆ ಅದೂ ತಾನಾಗಿಯೇ ಇಳಿಯಿತು. ಒಂದು ಜೀವ ಬಂದು ಇನ್ನೊಂದಕ್ಕೆ ಜಾಗ ಮಾಡಿಕೊಡುತ್ತಿತ್ತು. ನಾವು ಯಾವುದನ್ನೂ ಕಾಣಲಿಲ್ಲ. ಬಣ್ಣ ಮಾತ್ರ ಕಂಡೆವು.

ಗಾಜಿನ ಮೂಲೆಯಲ್ಲಿ ಕೂದಲೆಳೆಯಷ್ಟು ಹಸಿರು ಪಾಚಿ ಹತ್ತಿತು. ಮಂಗಳವಾರ ಮನೆ ತೊಳೆಯುವಾಗ ಅದರ ಮುಂದೆ ಬಂದು ನನ್ನ ಕೈ ತುರಿಸುತ್ತಿತ್ತು. ಸೆರಗಿನಲ್ಲಿ ಕೈ ಸುತ್ತಿಕೊಂಡು ಮುಂದೆ ಹೋಗುತ್ತಿದ್ದೆ.

ಐದನೇ ತಿಂಗಳು ಮುಗಿದ ದಿನ ಮನೆಯಲ್ಲಿ ಯಾರೂ ಅದರ ಮಾತೆತ್ತಲಿಲ್ಲ. ಚೇತನ್ ಅವತ್ತು ಕೆಲಸದಿಂದ ಬೇಗ ಬಂದು, ಏನೂ ಕಾರಣವಿಲ್ಲದೆ ತೊಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, "ಇವು ದಪ್ಪ ಆಗವೆ ಅಲ್ವಾ?" ಎಂದ. "ನೀವೂ ಆಗಿದೀರ ಬುಡಿ," ಎಂದಳು ನಂದಿತಾ. ಅವನು ಕೂತಲ್ಲೇ ತಲೆಯನ್ನು ಅವಳ ಮಂಚಕ್ಕೆ ಒರಗಿಸಿದ. ನಾನು ಹಿತ್ತಿಲಿಗೆ ಹೋದೆ.

ಗೌರಿ ಹಬ್ಬದ ಹೊತ್ತಿಗೆ ಕೊಳವೆಯಲ್ಲಿ ಹಳದಿ ಬಂತು. ಹಸಿರಿನ ನೆರಳೂ ಇಲ್ಲದ, ಅರಿಶಿನದ ನೀರಿನಂಥ ಹಳದಿ. ಇನ್ನೊಂದು ಕೊಳವೆಯಲ್ಲಿ ಮಳೆ ನಿಂತ ಮೇಲಿನ ಆಕಾಶದ ನೀಲಿ. ನಂದಿತಾ ಎರಡನ್ನೂ ಬೆರಳುಗಳ ನಡುವೆ ಹಿಡಿದುಕೊಂಡು, ಗೋರಂಟಿ ಆರುವ ತನಕ ಕೂತವರ ಹಾಗೆ, ಬಹಳ ಹೊತ್ತು ಹಿಡಿದೇ ಇದ್ದಳು.

ಏಳು ತುಂಬಿದ ಮೇಲೆ ಮೈಸೂರಿಗೆ ಹೋಗಿ ಬಂದೆವು. ಕಾರಿನವನು ಬಿಳಿಕೆರೆಯಿಂದ ಆಚೆಗೆ ಒಂದೊಂದು ಹಂಪಿನ ಮುಂದೆಯೂ ಗಾಡಿ ನಿಲ್ಲಿಸಿಯೇ ದಾಟಿಸಿದ, ಹಿಂದಿನಿಂದ ಹಾರ್ನ್ ಹೊಡೆದವರಿಗೆ ಕೈ ಮುಗಿದ. ಡಾಕ್ಟರಮ್ಮ ಸ್ಕ್ಯಾನ್ ನೋಡಿ, ಹೊಲಿಗೆ ಗಟ್ಟಿಯಾಗಿದೆ, ಮಗು ಬೆಳೆದಿದೆ, ಇನ್ನು ಮನೆಯೊಳಗೆ ನಿಧಾನವಾಗಿ ಓಡಾಡಬಹುದು ಎಂದರು. ಬಗ್ಗಬಾರದು, ಭಾರ ಎತ್ತಬಾರದು.

ಮನೆಗೆ ಬಂದಾಗ ಮಧ್ಯಾಹ್ನ ಎರಡೂವರೆ. ಚೇತನ್ ನಮ್ಮನ್ನು ಇಳಿಸಿ ಕೆಲಸಕ್ಕೆ ಹೋದ. ನಂದಿತಾಳನ್ನು ಮಂಚಕ್ಕೆ ಸೇರಿಸಿ, ಬೆಳಿಗ್ಗೆ ಮಾಡಿಟ್ಟಿದ್ದರಲ್ಲಿ ಅವಳಿಗೆ ಬಡಿಸಿ, ನಾನು ತೊಟ್ಟಿಯ ಮುಂದೆ ಚೊಂಬು ಹಿಡಿದು ಕೂತೆ. ಆ ದಿನದ ಕಾಲು ಭಾಗ ನೀರು ಇನ್ನೂ ಬಾಕಿ ಇತ್ತು. ಎರಡು ಚೊಂಬು ತೆಗೆದ ನೆನಪು. ಗೋಡೆಯ ಮೇಲೆ ಬೆಳಕು ಅಲುಗುತ್ತಿತ್ತು. ನಾಲ್ಕು ಕೆಂಪು ಮೀನು ಆ ಬೆಳಕಿನಲ್ಲಿ ನೆರಳಾಗಿ ದೊಡ್ಡದಾಗಿ ಈಜುತ್ತಿದ್ದವು. ಗಾಜಿಗೆ ಹಣೆ ತಾಗಿಸಿಕೊಂಡು ಹಾಗೇ ಕಣ್ಣು ಮುಚ್ಚಿದೆ.

ಎಷ್ಟು ಹೊತ್ತಾಯಿತೋ. ಅಡುಗೆಮನೆಯಲ್ಲಿ ಸೌಟಿನ ಶಬ್ದವಾದಂತೆ ಕನಸಿನಲ್ಲಿ ಕೇಳಿಸಿತು. ಬರಿಗಾಲಿನ ಸಪ್ಪಳ, ನಿಂತು ನಿಂತು, ಗೋಡೆ ಹಿಡಿದು ಬರುವಂಥದ್ದು. ಕಣ್ಣು ಬಿಟ್ಟಾಗ ನನ್ನ ಮುಂದೆ ಎರಡು ಪಾದಗಳಿದ್ದವು. ಮೂರು ತಿಂಗಳು ಹೆಚ್ಚು ನೆಲ ಸೋಕದೆ ಮಗುವಿನ ಪಾದದಂತೆ ಮೆತ್ತಗಾಗಿದ್ದ ಪಾದಗಳು.

ನಂದಿತಾ ತಟ್ಟೆ ಹಿಡಿದು ನಿಂತಿದ್ದಳು. ಬಿಸಿ ಮಾಡಿದ ಅನ್ನ, ಬಸ್ಸಾರು, ಪಕ್ಕದಲ್ಲಿ ಸ್ವಲ್ಪ ಸೊಪ್ಪಿನ ಪಲ್ಯ. ಬೆಳಿಗ್ಗೆಯಿಂದ ನಾನು ಏನೂ ತಿಂದಿಲ್ಲ ಎಂಬುದು ನನಗೇ ಆಗ ನೆನಪಾಯಿತು. ಅವಳು ಬಗ್ಗಿ ನೆಲಕ್ಕೆ ಇಡುವಂತಿರಲಿಲ್ಲ, ಆದ್ದರಿಂದ ತಟ್ಟೆಯನ್ನು ಹಾಗೇ ಮುಂದಕ್ಕೆ ಚಾಚಿದಳು. ನಾನು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಕೂತಲ್ಲಿಂದಲೇ ಎರಡೂ ಕೈ ಮೇಲೆತ್ತಿ ಅದನ್ನು ತೆಗೆದುಕೊಂಡೆ.